ಐದನೆಯ ಗಾಲಿ

ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿಯು ಹಿರಿಯೂರು ತಾಲ್ಲೂಕಿನಲ್ಲಿ ನಮ್ಮ ಜಿಲ್ಲೆಯನ್ನು ಹೊಕ್ಕು, ಚಿತ್ರದುರ್ಗದ ಮಗ್ಗುಲಲ್ಲಿ ಹಾದು, ದಾವಣಗೆರೆಯ ಕಡೆಗೆ ಸಾಗುತ್ತದೆ. 2010ರಲ್ಲಿ ಇದರ ಸಂಖ್ಯೆ 48 ಎಂದು ಬದಲಾಯಿತಾದರೂ ನಮ್ಮ ಜನರ ಬಾಯಲ್ಲಿ ಇದು ಇಂದಿಗೂ ‘ಎನ್.ಎಚ್. ಫೋರ್’ ಆಗಿಯೇ ಉಳಿದಿದೆ. ಬಳ್ಳಾರಿಯಿಂದ ಚಳ್ಳಕೆರೆಯ ಮೇಲೆ ಬರುವ ರಸ್ತೆ ಹಿರಿಯೂರಿನಲ್ಲಿಯೂ, ಹೊಸಪೇಟೆಯಿಂದ ಬರುವ ರಸ್ತೆ ಚಿತ್ರದುರ್ಗದಲ್ಲಿಯೂ ಇದನ್ನು ಕೂಡುತ್ತವೆ. ಆದುದರಿಂದ ತೋರಣಗಲ್ಲಿನ ಉಕ್ಕಿನ ಸುರುಳಿಯಿಂದ ಮೊದಲ್ಗೊಂಡು ನಮ್ಮ ಗುಡ್ಡಸಾಲುಗಳ ಗಾಳಿಯಂತ್ರಗಳ ಉದ್ದನೆಯ ರೆಕ್ಕೆಗಳವರೆಗೆ ಬಗೆಬಗೆಯ ಭಾರಗಳು ಟ್ರೇಲರ್ ಲಾರಿಗಳನ್ನೇರಿ ನಮ್ಮ ಕಣ್ಣೆದುರಿನಲ್ಲಿಯೇ ಹಗಲಿರುಳೂ ಹರಿಯುತ್ತಿರುತ್ತವೆ. ಅವುಗಳ ಉದ್ದವನ್ನು ಕಂಡು ಬೆರಗಾಗುತ್ತೇವೆ, ಗಾಲಿಗಳನ್ನು ಎಣಿಸುತ್ತೇವೆ. ಆದರೆ ಮುಂದಿನ ಗಾಡಿಯನ್ನೂ ಹಿಂದಿನ ಗಾಡಿಯನ್ನೂ ಕೂಡಿಸುವ ಕೊಂಡಿ ಯಾವುದು, ಅದು ಸವೆದರೆ ಏನಾಗುತ್ತದೆ ಎಂಬುದನ್ನು ವಿಚಾರಿಸುವವರು ಕಡಿಮೆ. ಆ ಕೊಂಡಿಯ ವಿಚಾರವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಸಾಹಿತ್ಯ, ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ಬಿ.ಎ. ವಿದ್ಯಾರ್ಥಿಗೆ ಲಾರಿಯ ಕೊಂಡಿಯ ಗೊಡವೆ ಏಕೆ ಎಂದು ಅಧ್ಯಾಪಕರು ಕೇಳಬಹುದು. ನಮ್ಮಲ್ಲಿ ಅನೇಕರು ಹಿರಿಯೂರು, ಹೊಳಲ್ಕೆರೆ, ಹೊಸದುರ್ಗಗಳಿಂದ ಈ ಲಾರಿಗಳ ಹಿಂದೆ ಮುಂದೆ ಓಡುವ ಬಸ್ಸುಗಳಲ್ಲಿಯೇ ದಿನವೂ ಕಾಲೇಜಿಗೆ ಬರುವವರು. ಅನೇಕರ ಮನೆಗಳಲ್ಲಿ ಡ್ರೈವರೋ, ಕ್ಲೀನರೋ, ಟ್ರಾಕ್ಟರು ಇಟ್ಟವರೋ ಒಬ್ಬರಾದರೂ ಇದ್ದಾರೆ. ಹಿರಿಯೂರಿನ ಬಳಿ ಹೆದ್ದಾರಿಯ ಬದಿಯಲ್ಲಿ ಲಾರಿಗಳನ್ನು ರಿಪೇರಿ ಮಾಡುವ ನನ್ನ ಸೋದರಮಾವನ ಶೆಡ್ಡಿನಲ್ಲಿ ರಜೆಯ ದಿನಗಳಲ್ಲಿ ನಾನು ಕೆಲಸಕ್ಕೆ ನಿಲ್ಲುವುದುಂಟು. ಅಲ್ಲಿಗೆ ಬರುವ ತಯಾರಕರ ಕೈಪಿಡಿಗಳೆಲ್ಲ ಇಂಗ್ಲಿಷಿನಲ್ಲಿರುತ್ತವೆ. ಕೆಲಸ ಮಾಡುವ ಕೈಗಳು ಕನ್ನಡದವು. ಅವನ್ನು ಓದಿ ಮಾವನಿಗೆ ಹೇಳುವುದು ನನ್ನ ಪಾಲಿಗೆ ಬಂದ ಕೆಲಸ. ಓದಿ ತಿಳಿದದ್ದನ್ನೂ ಶೆಡ್ಡಿನಲ್ಲಿ ಕಣ್ಣಾರೆ ಕಂಡದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಹೆಸರು ಮತ್ತು ರಚನೆ

ಈ ಕೊಂಡಿಗೆ ಇಂಗ್ಲಿಷಿನಲ್ಲಿ ‘ಫಿಫ್ತ್ ವೀಲ್’, ಎಂದರೆ ಐದನೆಯ ಗಾಲಿ ಎಂದು ಹೆಸರು. ನಮ್ಮ ಡ್ರೈವರುಗಳೂ ಹಾಗೆಯೇ ಕರೆಯುತ್ತಾರೆ. ನೋಡಿದರೆ ಇದು ಗಾಲಿಯಂತೆ ಉರುಳುವುದಿಲ್ಲ, ನೆಲವನ್ನೂ ಮುಟ್ಟುವುದಿಲ್ಲ. ಹಾಗಾದರೆ ಈ ಹೆಸರು ಹೇಗೆ ಬಂದಿತು? ಹಿಂದೆ ಪಾಶ್ಚಾತ್ಯ ದೇಶಗಳ ನಾಲ್ಕು ಗಾಲಿಯ ಕುದುರೆಗಾಡಿಗಳಲ್ಲಿ ಮುಂದಿನ ಅಚ್ಚು ಎಡಕ್ಕೂ ಬಲಕ್ಕೂ ತಿರುಗಲೆಂದು ಅದರ ಮೇಲೆ ಒಂದು ಬಳೆಯನ್ನು ಅಡ್ಡಲಾಗಿ ಮಲಗಿಸಿ ಕೂರಿಸುತ್ತಿದ್ದರು. ನಾಲ್ಕು ಗಾಲಿಗಳ ಮೇಲೆ ಮಲಗಿದ ಈ ಬಳೆ ಐದನೆಯ ಗಾಲಿ ಎನಿಸಿತು. 1914ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಆಗಸ್ಟ್ ಫ್ರೂಹಾಫ್ ಎಂಬ ಕಮ್ಮಾರನು ಮರದ ವ್ಯಾಪಾರಿಯೊಬ್ಬನ ದೋಣಿಯನ್ನು ಸಾಗಿಸಲೆಂದು ಫೋರ್ಡ್ ಕಾರಿನ ಹಿಂದೆ ಕಟ್ಟುವ ಒಂದು ಗಾಡಿಯನ್ನು ಮಾಡಿಕೊಟ್ಟನು. ಇಂದಿನ ಅರೆ-ಟ್ರೇಲರುಗಳ ಚರಿತ್ರೆಯಲ್ಲಿ ಆ ಗಾಡಿಯ ಹೆಸರು ಮೊದಲಿಗೆ ಬರುತ್ತದೆ. ಕುದುರೆ ಹೋಗಿ ಎಂಜಿನ್ನು ಬಂದರೂ ಹಳೆಯ ಹೆಸರು ಉಳಿಯಿತು.

ಇದರ ರಚನೆ ಸರಳವಾದುದು. ಮುಂದಿನ ಗಾಡಿಯನ್ನು ನಾವಿಲ್ಲಿ ಎಳೆಗಾಡಿ ಎನ್ನೋಣ. ಎಳೆಗಾಡಿಯ ಹಿಂದಿನ ಅಚ್ಚುಗಳ ಮೇಲ್ಭಾಗದಲ್ಲಿ ದಪ್ಪನೆಯ ಉಕ್ಕಿನ ತಟ್ಟೆಯೊಂದು ಇರುತ್ತದೆ. ತಟ್ಟೆಯ ಹಿಂಬದಿಯು ಕುದುರೆಲಾಳದಂತೆ ತೆರೆದಿದ್ದು, ಒಳಕ್ಕೆ ಹೋದಂತೆ ಕಿರಿದಾಗುತ್ತದೆ. ಟ್ರೇಲರಿನ ಮುಂಭಾಗದ ಅಡಿಯಲ್ಲಿ ಇನ್ನೊಂದು ತಟ್ಟೆಯಿದ್ದು, ಅದರಿಂದ ಒಂದು ಉಕ್ಕಿನ ಗೂಟ ಕೆಳಮುಖವಾಗಿ ಇಳಿದಿರುತ್ತದೆ. ಇದೇ ಕಿಂಗ್ ಪಿನ್ನು. ಎಳೆಗಾಡಿಯನ್ನು ಹಿಂದಕ್ಕೆ ತಂದಾಗ ಕಿಂಗ್ ಪಿನ್ನು ಆ ಕಂಡಿಯಲ್ಲಿ ತೂರಿ ಒಳಗೆ ಹೋಗುತ್ತದೆ; ಕೂಡಲೇ ಒಳಗಿರುವ ಉಕ್ಕಿನ ದವಡೆ ಅದರ ಕುತ್ತಿಗೆಯನ್ನು ಕಚ್ಚಿ ಹಿಡಿಯುತ್ತದೆ. ಮೇಲಿನ ಭಾರವನ್ನು ಹೊರುವುದು ತಟ್ಟೆ. ಎಳೆಯುವುದು ಮತ್ತು ತಡೆಯುವುದು ಪಿನ್ನು ಮತ್ತು ದವಡೆ. ರಸ್ತೆಯ ತಿರುವಿನಲ್ಲಿ ತಟ್ಟೆಯ ಮೇಲೆ ತಟ್ಟೆ ಜಾರುತ್ತದೆ. ಉಬ್ಬು ತಗ್ಗುಗಳಲ್ಲಿ ಎಳೆಗಾಡಿಯ ತಟ್ಟೆಯು ತನ್ನ ಎರಡು ಪಕ್ಕದ ಕೀಲುಗಳ ಮೇಲೆ ತೊಟ್ಟಿಲಿನಂತೆ ಮುಂದಕ್ಕೂ ಹಿಂದಕ್ಕೂ ವಾಲುತ್ತದೆ.

ಸಾಮಾನ್ಯವಾಗಿ ಬಳಕೆಯಲ್ಲಿರುವ ಕಿಂಗ್ ಪಿನ್ನಿನ ದಪ್ಪ ಎರಡು ಅಂಗುಲ, ಅಂದರೆ 50.8 ಮಿಲಿಮೀಟರು. ಬಹು ಭಾರದ ಕೆಲಸಕ್ಕೆ ಮೂರೂವರೆ ಅಂಗುಲದ ಪಿನ್ನೂ ಉಂಟು. 2018ರಲ್ಲಿ ಕೇಂದ್ರ ಸರ್ಕಾರವು ಅಚ್ಚುಭಾರದ ಮಿತಿಯನ್ನು ಏರಿಸಿದ ಮೇಲೆ ಇಂಥ ಜೋಡಿಗಾಡಿಗಳು ಗಾಡಿ ಸರಕು ಎರಡೂ ಸೇರಿ 55 ಟನ್ನಿನವರೆಗೆ ತೂಗಬಹುದು. ಇಷ್ಟು ಭಾರದ ಮೆರವಣಿಗೆಗೆ ಮುಂದಿನದನ್ನೂ ಹಿಂದಿನದನ್ನೂ ಹಿಡಿದಿರುವುದು ನಮ್ಮ ಮುಂಗೈಯಷ್ಟು ದಪ್ಪದ ಒಂದು ಗೂಟ ಎಂಬುದನ್ನು ನೆನೆದರೆ ಅದರ ಆರೋಗ್ಯದ ಬೆಲೆ ತಾನಾಗಿಯೇ ತಿಳಿಯುತ್ತದೆ.

ಸವೆತ ಹೇಗೆ ಆಗುತ್ತದೆ

ನಮ್ಮ ಹಿರಿಯರಿಗೆ ಈ ವಿದ್ಯೆ ಹೊಸದಲ್ಲ. ಎತ್ತಿನ ಗಾಡಿಯ ಅಚ್ಚಿನ ತುದಿಗೆ ಕಡಾಣಿಯನ್ನು ಸಿಕ್ಕಿಸುತ್ತಿದ್ದರು. ಅದು ಬಿದ್ದರೆ ಗಾಲಿ ಕಳಚುತ್ತದೆಂದು ಊರಿನ ಮಕ್ಕಳಿಗೂ ತಿಳಿದಿತ್ತು. ದೂರದ ಸಂತೆಗೆ ಹೊರಡುವ ಮುನ್ನ ಅಚ್ಚಿಗೆ ಕೀಲೆಣ್ಣೆ ಹಾಕದೆ ಯಾರೂ ಎತ್ತು ಹೂಡುತ್ತಿರಲಿಲ್ಲ. ಕಡಾಣಿ ಮತ್ತು ಕೀಲೆಣ್ಣೆ ಎಂಬ ಈ ಎರಡು ಮಾತುಗಳಲ್ಲಿಯೇ ಟ್ರೇಲರಿನ ಕೊಂಡಿಯ ಶಾಸ್ತ್ರವೆಲ್ಲ ಅಡಗಿದೆ. ಬೀಗ ಸರಿಯಾಗಿ ಬಿದ್ದಿರಬೇಕು. ಉಜ್ಜುವ ಜಾಗ ಒಣಗಿರಬಾರದು.

ಮೊದಲನೆಯ ಶತ್ರು ಒಣಗಿದ ತಟ್ಟೆ. ಎರಡು ಉಕ್ಕಿನ ಮೈಗಳು ಟನ್ನುಗಟ್ಟಲೆ ಭಾರದಲ್ಲಿ ಗ್ರೀಸಿಲ್ಲದೆ ಉಜ್ಜಿದರೆ ಒಂದರ ಮೈಯನ್ನು ಇನ್ನೊಂದು ಕೀಳುತ್ತದೆ. ಎರಡನೆಯದು ಧೂಳು. ನಮ್ಮದು ಮಳೆ ಕಡಿಮೆಯ ಜಿಲ್ಲೆ. ವರ್ಷದ ಬಹುಭಾಗ ಗಾಳಿಯಲ್ಲಿ ಮಣ್ಣು ತೂರುತ್ತಿರುತ್ತದೆ. ಭೀಮಸಮುದ್ರದ ಸುತ್ತಿನ ಗಣಿಗಳ ಕಡೆ ಅದಿರಿನ ಕೆಂಪು ಧೂಳು ಬೇರೆ. ಹಳೆಯ ಗ್ರೀಸಿನಲ್ಲಿ ಈ ಧೂಳು ಕಲೆತರೆ ಅದು ಗ್ರೀಸಾಗಿ ಉಳಿಯುವುದಿಲ್ಲ, ಸಾಣೆಯ ಹಿಟ್ಟಾಗುತ್ತದೆ. ಆದುದರಿಂದ ಹಳೆಯದರ ಮೇಲೆ ಹೊಸ ಗ್ರೀಸನ್ನು ಮೆತ್ತುವುದರಿಂದ ಪ್ರಯೋಜನವಿಲ್ಲ. ಹಳೆಯದನ್ನು ಪೂರ್ತಿ ಕೆರೆದು ಒರೆಸಿದ ಮೇಲೆಯೇ ಹೊಸದನ್ನು ಹಚ್ಚಬೇಕು.

ಮೂರನೆಯದು ಜಗ್ಗಾಟ. ಪಿನ್ನಿಗೂ ದವಡೆಗೂ ನಡುವೆ ಸ್ವಲ್ಪ ಸಂದು ಬಿಟ್ಟಿತೆನ್ನಿ. ಎಳೆಗಾಡಿ ಹೊರಡುವಾಗ ಮೊದಲು ಆ ಸಂದಿನಷ್ಟು ದೂರ ಬರಿದೇ ಚಲಿಸಿ, ಅನಂತರ ಟ್ರೇಲರನ್ನು ಥಟ್ಟನೆ ಜಗ್ಗುತ್ತದೆ. ಬ್ರೇಕು ಹಾಕಿದಾಗ ಟ್ರೇಲರು ಅಷ್ಟೇ ದೂರ ನುಗ್ಗಿ ಬಂದು ಗುದ್ದುತ್ತದೆ. ಸಮನಾದ ಎಳೆತವು ಸುತ್ತಿಗೆಯ ಪೆಟ್ಟಾಗಿ ಮಾರ್ಪಡುತ್ತದೆ. ಪೆಟ್ಟಿನಿಂದ ಸಂದು ಹೆಚ್ಚುತ್ತದೆ. ಸಂದು ಹೆಚ್ಚಿದಂತೆ ಪೆಟ್ಟು ಬಲವಾಗುತ್ತದೆ. ಸಾಲಕ್ಕೆ ಬಡ್ಡಿ, ಬಡ್ಡಿಗೆ ಚಕ್ರಬಡ್ಡಿ ಬೆಳೆದಂತೆ ಈ ಸವೆತ ಬೆಳೆಯುತ್ತದೆ. ಸಂದು ಸಣ್ಣದಿದ್ದಾಗಲೇ ಗಮನಿಸಬೇಕೆನ್ನುವುದು ಈ ಕಾರಣದಿಂದ.

ನಾಲ್ಕನೆಯದು ಕೂಡಿಸುವಾಗಿನ ಅವಸರ. ಟ್ರೇಲರನ್ನು ಬಿಡಿಸಿದಾಗ ಅದು ತನ್ನ ಮುಂದಿನ ಜಾಕಿಕಾಲುಗಳ ಮೇಲೆ ನಿಂತಿರುತ್ತದೆ. ಅದರ ಎತ್ತರವು ಎಳೆಗಾಡಿಯ ತಟ್ಟೆಗಿಂತ ಸ್ವಲ್ಪ ಕೆಳಗಿರಬೇಕು. ಆಗ ಎಳೆಗಾಡಿ ಅದನ್ನು ಮೆಲ್ಲನೆ ಎತ್ತಿಕೊಂಡು ಒಳಸೇರುತ್ತದೆ. ಬಹಳ ಕೆಳಗಿದ್ದರೆ ಟ್ರೇಲರಿನ ಮೂತಿಗೆ ಗುದ್ದು ಬೀಳುತ್ತದೆ. ಬಹಳ ಮೇಲಿದ್ದರೆ ಪಿನ್ನು ದವಡೆಯ ಮೇಲೆಯೇ ಕುಳಿತು ಕೂಡಿದಂತೆ ತೋರುತ್ತದೆ, ಕೂಡಿರುವುದಿಲ್ಲ. ವೇಗವಾಗಿ ಹಿಂದಕ್ಕೆ ತಂದು ಗುದ್ದಿದರೆ ಪಿನ್ನು ಬಾಗಲೂಬಹುದು.

ಲಕ್ಷಣಗಳಿಂದ ರೋಗವನ್ನು ತಿಳಿಯುವ ಬಗೆ

ವೈದ್ಯನು ನಾಡಿ ಹಿಡಿದು ರೋಗ ತಿಳಿಯುವಂತೆ ಮೇಸ್ತ್ರಿಯು ಗಾಡಿಯ ನಡತೆಯಿಂದ ದೋಷವನ್ನು ತಿಳಿಯುತ್ತಾನೆ. ಕಳೆದ ಬೇಸಿಗೆಯಲ್ಲಿ ಡ್ರೈವರೊಬ್ಬರು ಶೆಡ್ಡಿಗೆ ಬಂದು, “ಮೇಸ್ತ್ರಿ, ಬ್ರೇಕ್ ಹಾಕಿದ್ರೆ ಹಿಂದಿಂದ ಯಾರೋ ಗುದ್ದಿದಂಗೆ ಆಗ್ತೈತೆ” ಎಂದರು. ಮಾವ ಸ್ಪ್ಯಾನರನ್ನು ಮುಟ್ಟಲಿಲ್ಲ. “ಬರೀ ಬ್ರೇಕಿಗೋ, ಗಾಡಿ ಎತ್ತೋವಾಗ್ಲೂ ಆಗ್ತೈತೋ?” ಎಂದು ಕೇಳಿದರು. ಈ ಒಂದು ಪ್ರಶ್ನೆಯಲ್ಲಿ ಅರ್ಧ ಪರೀಕ್ಷೆ ಮುಗಿದಂತೆ. ಬ್ರೇಕು ಹಾಕಿದಾಗ ಮಾತ್ರ ಗುದ್ದು ಬಂದರೆ ಮೊದಲು ಟ್ರೇಲರಿನ ಬ್ರೇಕುಗಳನ್ನು ನೋಡಬೇಕು. ಅವು ತಡವಾಗಿ ಹಿಡಿಯುತ್ತಿದ್ದರೆ ಕೊಂಡಿ ಗಟ್ಟಿಯಾಗಿದ್ದರೂ ಹಿಂದಿನಿಂದ ನೂಕಿದಂತಾಗುತ್ತದೆ. ಹೊರಡುವಾಗಲೂ ನಿಲ್ಲುವಾಗಲೂ ಎರಡೂ ಹೊತ್ತು ‘ಟಕ್’ ಎಂದು ಬಡಿದರೆ ಕೊಂಡಿಯಲ್ಲಿ ಸಂದು ಬಿಟ್ಟಿದೆ. ಶೆಡ್ಡಿನ ಭಾಷೆಯಲ್ಲಿ ‘ಪ್ಲೇ ಬಂದಿದೆ’ ಎನ್ನುತ್ತಾರೆ. ಆ ಡ್ರೈವರ ಗಾಡಿಯಲ್ಲಿ ಎರಡೂ ಹೊತ್ತು ಬಡಿಯುತ್ತಿತ್ತು.

ಆದರೆ ಪ್ಲೇ ಎಲ್ಲಿದೆ? ಅದನ್ನು ಪತ್ತೆ ಮಾಡುವ ಉಪಾಯ ಸುಲಭವಾದುದು. ಸಮನೆಲದ ಮೇಲೆ ಗಾಡಿ ನಿಲ್ಲಿಸಿ, ಟ್ರೇಲರಿನ ಬ್ರೇಕನ್ನು ಬಿಗಿಹಿಡಿದು, ಎಳೆಗಾಡಿಯನ್ನು ಮಾತ್ರ ಒಂದಿಷ್ಟು ಮುಂದಕ್ಕೂ ಹಿಂದಕ್ಕೂ ತೂಗಾಡಿಸಬೇಕು. ಇನ್ನೊಬ್ಬರು ಪಕ್ಕದಲ್ಲಿ ದೂರ ನಿಂತು ಟಾರ್ಚು ಬಿಟ್ಟು ನೋಡಬೇಕು. ಎರಡು ಗಾಡಿಗಳ ನಡುವೆ ನಿಲ್ಲುವುದಾಗಲಿ ಕೈ ಹಾಕುವುದಾಗಲಿ ಎಂದಿಗೂ ಕೂಡದು. ಎರಡು ತಟ್ಟೆಗಳ ನಡುವೆ ಚಲನೆ ಕಂಡರೆ ದೋಷ ಪಿನ್ನಿನಲ್ಲಿ ಅಥವಾ ದವಡೆಯಲ್ಲಿದೆ. ಕೆಳತಟ್ಟೆಗೂ ಅದನ್ನು ಹೊತ್ತ ಪಕ್ಕದ ಕೀಲುಗಳಿಗೂ ನಡುವೆ ಚಲನೆ ಕಂಡರೆ ಕೀಲಿನ ಬುಷ್ಷುಗಳು ಸವೆದಿವೆ. ಕೀಲುಗಳ ಪೀಠವೇ ಚಾಸಿಯ ಮೇಲೆ ಅಲುಗಿದರೆ ಬೋಲ್ಟುಗಳು ಸಡಿಲಗೊಂಡಿವೆ. ಹೀಗೆ ಒಂದೇ ಸದ್ದಿಗೆ ಮೂರು ಮೂಲಗಳಿರಬಹುದು. ಮೂರಕ್ಕೂ ಮದ್ದು ಬೇರೆ ಬೇರೆ. ನೋಡದೆ ಪಿನ್ನನ್ನು ಬದಲಾಯಿಸಿ, ಸದ್ದು ಹೋಗಲಿಲ್ಲವೆಂದು ಮೇಸ್ತ್ರಿಯನ್ನು ಬೈದವರನ್ನು ನಾನು ಕಂಡಿದ್ದೇನೆ.

ಉಳಿದ ಲಕ್ಷಣಗಳನ್ನೂ ಸಂಗ್ರಹವಾಗಿ ಹೇಳುತ್ತೇನೆ. ಸ್ಟಿಯರಿಂಗು ಭಾರವಾಗಿ, ತಿರುವು ಮುಗಿದ ಮೇಲೆ ಗಾಡಿ ನೇರಕ್ಕೆ ಬರಲು ಹಟ ಮಾಡಿದರೆ ತಟ್ಟೆ ಒಣಗಿದೆಯೆಂದು ತಿಳಿಯಬೇಕು. ಮಳೆ ಬಿದ್ದು ಜಾರುವ ರಸ್ತೆಯಲ್ಲಿ ಇದು ಬಹಳ ಅಪಾಯಕರ. ಚಕ್ರ ತಿರುಗಿಸಿದರೂ ಗಾಡಿ ನೇರವಾಗಿ ಜಾರಿಹೋಗಬಹುದು. ಖಾಲಿ ಗಾಡಿ ಹಳ್ಳಗಳಲ್ಲಿ ಹಾಯುವಾಗ ಮೇಲೆ ಕೆಳಗೆ ಕುಟ್ಟಿದರೆ ತಟ್ಟೆಯ ಮೈ ಸವೆದು ಪಿನ್ನು ದವಡೆಯಲ್ಲಿ ಕೆಳಗಿಳಿದಿರಬಹುದು. ಬೋಲ್ಟಿನ ತಲೆಯ ಸುತ್ತ ಕೆಂಪು ತುಕ್ಕಿನ ಹುಡಿ ಸುರಿದಿದ್ದರೆ ಆ ಬೋಲ್ಟು ಒಳಗೇ ಅಲುಗುತ್ತಿದೆ. ಬಣ್ಣದ ಮೇಲೆ ಕೂದಲೆಳೆಯಂಥ ತುಕ್ಕಿನ ಗೆರೆ ವೆಲ್ಡಿಂಗಿನ ಪಕ್ಕದಲ್ಲಿ ಕಂಡರೆ ಬಿರುಕು ಆರಂಭವಾಗಿದೆಯೆಂದು ಸಂಶಯಪಡಬೇಕು. ಬೀಗದ ಹಿಡಿ ತನ್ನ ಜಾಗಕ್ಕೆ ಪೂರ್ತಿಯಾಗಿ ಬಾರದಿದ್ದರೆ ಒಳಗೆ ಕಸ ಸೇರಿರಬಹುದು, ಸ್ಪ್ರಿಂಗು ತುಂಡಾಗಿರಬಹುದು, ಅಥವಾ ಪಿನ್ನೇ ಬಾಗಿರಬಹುದು. ಸುತ್ತಿಗೆಯಿಂದ ಹೊಡೆದು ಹಿಡಿಯನ್ನು ಕೂರಿಸುವುದು ಪರಿಹಾರವಲ್ಲ. ಅದು ರೋಗವನ್ನು ಮುಚ್ಚಿಡುವುದು.

ಅಳತೆಯ ಮಾತು

ಕಣ್ಣಂದಾಜು ಇಲ್ಲಿ ಸಾಲದು. ಟ್ರೇಲರನ್ನು ಬಿಡಿಸಿ, ಜಾಕಿಕಾಲುಗಳ ಮೇಲೆ ಭದ್ರವಾಗಿ ನಿಲ್ಲಿಸಿ, ಪಿನ್ನಿನ ಗ್ರೀಸನ್ನು ಪೂರ್ತಿ ಒರೆಸಿ, ದವಡೆ ಕಚ್ಚುವ ಕುತ್ತಿಗೆಯ ಭಾಗವನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆಯಬೇಕು. ಒಂದೇ ಕಡೆ ಅಳೆದರೆ ಮೋಸಹೋಗುತ್ತೇವೆ. ಎಳೆಯುವಾಗ ದವಡೆಯು ಪಿನ್ನಿನ ಹಿಂಬದಿಯನ್ನು ಒತ್ತುತ್ತದೆ. ಬ್ರೇಕು ಹಾಕಿದಾಗ ಮುಂಬದಿಗೆ ಒತ್ತಡ ಬೀಳುತ್ತದೆ. ಆದುದರಿಂದ ಗುಂಡಗಿದ್ದ ಪಿನ್ನು ಕ್ರಮೇಣ ಮೊಟ್ಟೆಯಾಕಾರಕ್ಕೆ ಸವೆಯುತ್ತದೆ. ಹಿಂದುಮುಂದಾಗಿ ಒಮ್ಮೆ, ಎಡಬಲವಾಗಿ ಒಮ್ಮೆ ಅಳೆದು ಕಡಿಮೆ ಬಂದ ಅಂಕಿಯನ್ನು ಹಿಡಿಯಬೇಕು.

ಎರಡಂಗುಲದ ಪಿನ್ನು ಹೊಸದಿದ್ದಾಗ 50.8 ಮಿಲಿಮೀಟರು ಎಂದು ಹೇಳಿದೆನಷ್ಟೆ. ತಯಾರಕರ ಕೈಪಿಡಿಯಲ್ಲಿ ಇದಕ್ಕೆ ಕೊಟ್ಟಿರುವ ಕಡೆಯ ಮಿತಿ 49 ಮಿಲಿಮೀಟರು. ಮೂರೂವರೆ ಅಂಗುಲದ ಪಿನ್ನಿಗೆ ಹೊಸದರ ಅಳತೆ ಸುಮಾರು 89, ಮಿತಿ 86. ಎಂದರೆ ಎರಡಂಗುಲದ ಪಿನ್ನಿಗೆ ಸವೆಯಲು ಇರುವ ಅವಕಾಶ ಎರಡು ಮಿಲಿಮೀಟರಿಗೂ ಕಡಿಮೆ. ನಮ್ಮ ಮನೆಗಳಲ್ಲಿ ದಿನವೂ ಬೀಸುವ ರಾಗಿಯ ಒಂದು ಕಾಳನ್ನು ನೆನೆಯಿರಿ. ಹೆಚ್ಚುಕಡಿಮೆ ಅಷ್ಟೇ ಅಂತರ, ಒಳ್ಳೆಯ ಪಿನ್ನಿಗೂ ಬಿಸಾಡಬೇಕಾದ ಪಿನ್ನಿಗೂ!

ಪಿನ್ನಿನ ಜೊತೆಗೆ ಅದು ನೆಟ್ಟಿರುವ ಮೇಲ್ತಟ್ಟೆಯನ್ನೂ ನೋಡಬೇಕು. ನೇರವಾದ ಉಕ್ಕಿನ ಪಟ್ಟಿಯೊಂದನ್ನು ತಟ್ಟೆಗೆ ಅಡ್ಡಲಾಗಿ ಹಿಡಿದರೆ ಅದು ಉಬ್ಬಿದೆಯೋ ತಗ್ಗಿದೆಯೋ ತಿಳಿಯುತ್ತದೆ. ಮೂಲಮಟ್ಟವನ್ನು ಪಿನ್ನಿನ ಪಕ್ಕಕ್ಕೆ ಹಿಡಿದರೆ ಪಿನ್ನು ತಟ್ಟೆಗೆ ನೆಟ್ಟಗಿದೆಯೋ ವಾಲಿದೆಯೋ ಕಾಣುತ್ತದೆ. ತಟ್ಟೆ ತಗ್ಗುಬಿದ್ದಿದ್ದರೆ ಭಾರವೆಲ್ಲ ಒಂದೆರಡು ಜಾಗದಲ್ಲಿ ಮಾತ್ರ ಕುಳಿತು, ಅಲ್ಲಿ ಆಳವಾದ ಗೀರುಗಳು ಬೀಳುತ್ತವೆ.

ಮದ್ದು ಮತ್ತು ಅಪಥ್ಯ

ಸವೆತ ಮಿತಿಯೊಳಗಿದ್ದರೆ, ಕೆಲವು ಬಗೆಯ ದವಡೆಗಳನ್ನು ತಯಾರಕರೇ ಕೊಟ್ಟಿರುವ ತಿರುಪಿನಿಂದ ಸ್ವಲ್ಪ ಬಿಗಿಗೊಳಿಸಬಹುದು. ಬುಷ್ಷುಗಳನ್ನೂ ಬೋಲ್ಟುಗಳನ್ನೂ ಹೊಸದು ಹಾಕಬಹುದು. ಬೋಲ್ಟುಗಳನ್ನು ಹೇಳಿದಷ್ಟೇ ಬಲದಲ್ಲಿ, ಬಿಗಿತ ತೋರಿಸುವ ಸ್ಪ್ಯಾನರಿನಿಂದಲೇ ಬಿಗಿಯಬೇಕು. ಪಿನ್ನು ಮಿತಿ ದಾಟಿದ್ದರೆ ಅದನ್ನು ಬದಲಾಯಿಸುವುದೊಂದೇ ದಾರಿ. ಆಗ ದವಡೆಯನ್ನೂ ಪರೀಕ್ಷಿಸಬೇಕು. ಸವೆದ ದವಡೆಗೆ ಹೊಸ ಪಿನ್ನನ್ನು ಕೊಟ್ಟರೆ ಹೊಸದೂ ಬೇಗ ಹಾಳಾಗುತ್ತದೆ.

ಅಪಥ್ಯವೊಂದಿದೆ, ಅದನ್ನು ಒತ್ತಿ ಹೇಳಬೇಕು. ಸವೆದ ಪಿನ್ನಿನ ಮೇಲೆ ವೆಲ್ಡಿಂಗ್ ಮಾಡಿ ಲೋಹ ತುಂಬಿ, ಅದನ್ನು ಉಜ್ಜಿ ಗುಂಡಗೆ ಮಾಡುವ ಅಗ್ಗದ ರೂಢಿ ಕೆಲವು ಕಡೆ ಉಂಟು. ಮೇಲುನೋಟಕ್ಕೆ ಪಿನ್ನು ಹೊಸದರಂತೆ ಕಾಣುತ್ತದೆ, ಅಳತೆಯೂ ಸರಿಬರುತ್ತದೆ. ಆದರೆ ಕಿಂಗ್ ಪಿನ್ನು ಸಾಮಾನ್ಯ ಕಬ್ಬಿಣವಲ್ಲ. ಅದು ಬೇರೆ ಲೋಹಗಳನ್ನು ಬೆರೆಸಿ, ಕಾಯಿಸಿ, ಹದವಾಗಿ ಆರಿಸಿ ಗಟ್ಟಿಗೊಳಿಸಿದ ಉಕ್ಕು. ವೆಲ್ಡಿಂಗಿನ ಬಿಸಿಯು ಆ ಹದವನ್ನು ಕೆಡಿಸುತ್ತದೆ. ಬೆಸುಗೆಯ ಅಂಚಿನಲ್ಲಿ ಉಕ್ಕು ಪೆಡಸಾಗಿ ಕಣ್ಣಿಗೆ ಕಾಣದ ಬಿರುಕುಗಳು ಹುಟ್ಟುತ್ತವೆ. ಸವೆದ ಪಿನ್ನು ಬಡಿದು ಸದ್ದು ಮಾಡಿಯಾದರೂ ಎಚ್ಚರಿಸುತ್ತದೆ. ಬೆಸೆದ ಪಿನ್ನು ಮೌನವಾಗಿದ್ದು ಒಂದು ದಿನ ಮುರಿಯುತ್ತದೆ.

ಕೂಡಿಸಿದ ಮೇಲಿನ ಪರೀಕ್ಷೆಯೂ ಅಷ್ಟೇ ಮುಖ್ಯ. ‘ಕಟಕ್’ ಎಂಬ ಸದ್ದು ಕೇಳಿಸಿತೆಂದು ಹೊರಟುಬಿಡಬಾರದು. ಎರಡು ತಟ್ಟೆಗಳ ನಡುವೆ ಬೆಳಕು ಕಾಣಬಾರದು. ಟಾರ್ಚು ಹಿಡಿದು ಬಗ್ಗಿ ನೋಡಿ, ದವಡೆಯು ಪಿನ್ನಿನ ಹಿಂದೆ ಪೂರ್ತಿ ಮುಚ್ಚಿದೆಯೆಂದು ಕಣ್ಣಿನಿಂದಲೇ ಖಚಿತಪಡಿಸಿಕೊಳ್ಳಬೇಕು. ಹಿಡಿಯ ಸುರಕ್ಷಾ ಕೊಕ್ಕೆಯನ್ನು ಹಾಕಬೇಕು. ಅನಂತರ ಟ್ರೇಲರಿನ ಬ್ರೇಕು ಹಿಡಿದಿರುವಾಗಲೇ ಮೊದಲ ಗೇರಿನಲ್ಲಿ ಎಳೆಗಾಡಿಯನ್ನು ಮೆಲ್ಲಗೆ ಮುಂದಕ್ಕೆ ಜಗ್ಗಬೇಕು. ಬಿಟ್ಟುಕೊಳ್ಳದಿದ್ದರೆ ಬೀಗ ಬಿದ್ದಿದೆ. ಜಾಕಿಕಾಲುಗಳನ್ನು ಎತ್ತುವುದು ಈ ಪರೀಕ್ಷೆ ಮುಗಿದ ಮೇಲೆಯೇ. ಇಷ್ಟಕ್ಕೆಲ್ಲ ಐದು ನಿಮಿಷ ಸಾಕು.

ನಮ್ಮ ಹಳ್ಳಿಗಳ ಟ್ರಾಕ್ಟರುಗಳು

ಹೆದ್ದಾರಿಯ ಮಾತು ತಮಗೆ ದೂರದ್ದೆಂದು ಹೊಸದುರ್ಗ, ಹೊಳಲ್ಕೆರೆಗಳ ಸಹಪಾಠಿಗಳು ಭಾವಿಸಬಾರದು. ತೆಂಗಿನಕಾಯಿ, ಅಡಕೆ, ಮೆಕ್ಕೆಜೋಳಗಳನ್ನು ಹೇರಿಕೊಂಡು ಬರುವ ನಮ್ಮ ರೈತರ ಟ್ರಾಕ್ಟರುಗಳಿಗೂ ಒಂದು ಕೊಂಡಿಯಿದೆ. ಅಲ್ಲಿ ಫಿಫ್ತ್ ವೀಲು ಇಲ್ಲ. ಟ್ರೇಲರಿನ ಮೂಕಿಯ ತುದಿಯ ಬಳೆಯನ್ನು ಟ್ರಾಕ್ಟರಿನ ಹಿಂದಿನ ಕವೆಯೊಳಗಿಟ್ಟು ಮೇಲಿನಿಂದ ಒಂದು ಪಿನ್ನು ಇಳಿಬಿಡುತ್ತಾರೆ, ಅಷ್ಟೆ. ಬಳೆಯ ಒಳಮೈ ಒಂದೇ ಕಡೆ ಸವೆದು ಉದ್ದವಾಗುತ್ತದೆ. ಪಿನ್ನಿನ ನಡು ತೆಳುವಾಗುತ್ತದೆ. ಪಿನ್ನು ಕಳೆದುಹೋದರೆ ಕೈಗೆ ಸಿಕ್ಕ ಕಬ್ಬಿಣದ ಸರಳನ್ನೋ ಹಳೆಯ ಬೋಲ್ಟನ್ನೋ ಹಾಕುವುದೂ ಉಂಟು. ತುದಿಗೆ ಸಿಕ್ಕಿಸಬೇಕಾದ ಸಣ್ಣ ಕ್ಲಿಪ್ಪಿನ ಬದಲು ತಂತಿ ಸುತ್ತಿರುತ್ತಾರೆ, ಕೆಲವೊಮ್ಮೆ ಅದೂ ಇರುವುದಿಲ್ಲ. ಹಳ್ಳಕ್ಕೆ ಗಾಲಿ ಬಿದ್ದಾಗ ಪಿನ್ನು ಮೇಲಕ್ಕೆ ಚಿಮ್ಮಿತೆಂದರೆ ಮುಂದಿನದು ಮುಂದಕ್ಕೆ, ಹಿಂದಿನದು ದಿಬ್ಬದ ಕೆಳಕ್ಕೆ. ಕೂಲಿಯಾಳುಗಳು, ಹೆಂಗಸರು, ಮಕ್ಕಳು ಅದೇ ಟ್ರೇಲರಿನಲ್ಲಿ ಕುಳಿತು ಬರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಸರಿಯಾದ ಪಿನ್ನು, ಅದರ ಕ್ಲಿಪ್ಪು, ಎರಡೂ ಗಾಡಿಗೆ ಸೇರಿಸಿ ಕಟ್ಟಿದ ಒಂದು ಗಟ್ಟಿ ಸರಪಳಿ — ಈ ಮೂರಕ್ಕೆ ತಗಲುವ ಖರ್ಚು ಒಂದು ಟೈರಿನ ಬೆಲೆಯ ಮುಂದೆ ಏನೂ ಅಲ್ಲ.

ಏಕೆ ಮಾಡುವುದಿಲ್ಲ

ಇಷ್ಟು ಸುಲಭವಾದುದನ್ನು ಜನ ಏಕೆ ಮಾಡುವುದಿಲ್ಲ? ತಿಳಿಯದ್ದರಿಂದ ಮಾತ್ರವಲ್ಲ. ಬ್ರೇಕಿನ ಗುದ್ದಿನ ದೂರು ತಂದ ಆ ಡ್ರೈವರ ವಿಷಯವನ್ನೇ ಹೇಳುತ್ತೇನೆ. ತೂಗಾಡಿಸಿ ನೋಡಿದಾಗ ಚಲನೆ ಎರಡು ತಟ್ಟೆಗಳ ನಡುವೆಯೇ ಇತ್ತು. ಬಿಡಿಸಿ ಅಳೆದರೆ ಪಿನ್ನು 48.4 ಮಿಲಿಮೀಟರು ಬಂದಿತು. ಅವರು ಮಾಲೀಕರಿಗೆ ಫೋನು ಮಾಡಿದರು. “ಗ್ರೀಸ್ ಹಾಕ್ಸಿ ಈ ಟ್ರಿಪ್ ಮುಗ್ಸು, ಆಮೇಲೆ ನೋಡೋಣ” ಎಂಬ ಉತ್ತರ ಬಂದಿತು. ಸರಕು ತಡವಾದರೆ ಬಾಡಿಗೆಯಲ್ಲಿ ಕಡಿತ. ಲಾರಿ ನಿಂತರೆ ಡ್ರೈವರಿಗೆ ಆ ದಿನದ ಬಾಟಾ ಇಲ್ಲ. ಸವೆತದ ಲೆಕ್ಕ ಮಿಲಿಮೀಟರಿನಲ್ಲಿದ್ದರೆ ನಷ್ಟದ ಲೆಕ್ಕ ರೂಪಾಯಿಯಲ್ಲಿ ಕಣ್ಣೆದುರಿಗೆ ಕುಳಿತಿರುತ್ತದೆ. ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ಓದುವ ಪಾಠವೇ ಇದು: ಉಳಿತಾಯ ಒಬ್ಬರದು, ಅಪಾಯ ಇನ್ನೊಬ್ಬರದು.

ಡ್ರೈವರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. “ಬಿಟ್ಟು ಊರಿಗೆ ಹೋಗಬಹುದಲ್ಲ ಅಣ್ಣ?” ಎಂದು ನಾನು ಕೇಳಿದೆ. “ನಾನು ಇಳಿದ್ರೆ ಇನ್ನೊಬ್ಬ ಹತ್ತುತಾನೆ ತಮ್ಮ. ಅವನಿಗೆ ಇದು ಗೊತ್ತೇ ಇರಲ್ಲ” ಎಂದರು. ಅವರು ಇಳಿಯಲಿಲ್ಲ, ಗಾಡಿಯನ್ನೂ ಎತ್ತಲಿಲ್ಲ. ಮಾವನಿಂದ ಅಳತೆಯನ್ನು ಚೀಟಿಯಲ್ಲಿ ಬರೆಸಿ, ಕ್ಯಾಲಿಪರಿನ ಅಂಕಿ ಕಾಣುವಂತೆ ಫೋಟೋ ತೆಗೆದು ಮಾಲೀಕರಿಗೆ ಕಳುಹಿಸಿದರು. ಕೈಪಿಡಿಯಲ್ಲಿ 49 ಎಂದು ಅಚ್ಚಾಗಿದ್ದ ಪುಟವನ್ನೂ ನಾನು ಹುಡುಕಿಕೊಟ್ಟೆ. ಎರಡು ರಾತ್ರಿ ಲಾರಿಯಲ್ಲಿಯೇ ಮಲಗಿದರು. ಮೂರನೆಯ ದಿನ ಹೊಸ ಪಿನ್ನೂ ದವಡೆಯ ಭಾಗಗಳೂ ಬಂದವು. ಬಾಯಿಮಾತಿಗೆ ಬಾರದ ಹಣ ಅಳತೆಯ ಅಂಕಿಗೆ ಬಂದಿತು. ‘ಗಾಡಿ ಬಡಿಯುತ್ತಿದೆ’ ಎಂಬ ಮಾತನ್ನು ಯಾರಾದರೂ ತಳ್ಳಿಹಾಕಬಹುದು. ‘ಮಿತಿ 49, ಇರುವುದು 48.4’ ಎಂಬುದನ್ನು ತಳ್ಳಿಹಾಕುವುದು ಕಷ್ಟ.

ಸಹಪಾಠಿಗಳೇ, ನಮ್ಮಲ್ಲಿ ಅನೇಕರು ಮನೆತನದಲ್ಲಿ ಮೊದಲ ಬಾರಿಗೆ ಪದವಿಯ ಬಾಗಿಲಿಗೆ ಬಂದವರು. ನಮ್ಮ ವಿದ್ಯೆಯಿಂದ ಮನೆಗೇನು ಪ್ರಯೋಜನವೆಂದು ಕೇಳುವವರು ಊರಿನಲ್ಲಿ ಇರುತ್ತಾರೆ. ಕೈಪಿಡಿಯ ಒಂದು ಪುಟವನ್ನು ಓದಿ ಕನ್ನಡದಲ್ಲಿ ಹೇಳುವುದು ದೊಡ್ಡ ಪಾಂಡಿತ್ಯವೇನಲ್ಲ. ಆದರೂ ಅಣ್ಣನ ಲಾರಿಯ ಪಿನ್ನಿಗೆ, ಅಪ್ಪನ ಟ್ರಾಕ್ಟರಿನ ಕೊಂಡಿಗೆ ಅದು ಸಲ್ಲುತ್ತದೆ. ಮುಂದಿನ ರಜೆಯಲ್ಲಿ ಮನೆಯಲ್ಲಿ ಟ್ರಾಕ್ಟರು ಇರುವವರು ಒಮ್ಮೆ ಅದರ ಪಿನ್ನನ್ನು ಎತ್ತಿ, ಒರೆಸಿ, ನಡು ತೆಳುವಾಗಿದೆಯೇ ಎಂದು ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಬೇಡವೆಂದು ಹಿರಿಯರು ಹೇಳಿದ್ದಾರೆ. ಕೊಂಡಿಯ ವಿಷಯದಲ್ಲಿ ಉಗುರಿನಿಂದ ಹೋಗುವ ಕಾಲ ಬಹಳ ಚಿಕ್ಕದು, ಒಂದು ರಾಗಿಕಾಳಿನಷ್ಟು ಮಾತ್ರ.